ಎಂಜಿನ್ ಎರವಲು, ಮೈ ಸ್ವಂತದ್ದು: ವೀಸ್‌ಮನ್ ಎಂಬ ಪುಟ್ಟ ಕಾರು ಕಂಪನಿ

(ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಕಾರು ಅಂದ ತಕ್ಷಣ ನಿಮ್ಮ ಬಾಯಿಗೆ ಬರುವ ಹೆಸರುಗಳು ಯಾವುವು ಅಂತ ನನಗೆ ಗೊತ್ತು. ಬೆಂಜ್, ಬಿಎಂಡಬ್ಲ್ಯು, ಆಡಿ, ಪೋರ್ಷೆ. ಇವತ್ತು ನಾನು ಮಾತಾಡಲು ಬಂದಿರುವುದು ವೀಸ್‌ಮನ್ ಬಗ್ಗೆ. ಹೆಸರು ಕೇಳಿದವರು ಕೈ ಎತ್ತಿ. ಹೂಂ, ಅಲ್ಲೊಂದು ಇಲ್ಲೊಂದು. ಜರ್ಮನಿಯಲ್ಲೇ ಕೇಳಿದ್ದರೂ ಇಷ್ಟೇ ಕೈ ಮೇಲೆ ಬರುತ್ತಿತ್ತೇನೋ.

ಜರ್ಮನಿಯ ಪಶ್ಚಿಮಕ್ಕೆ, ಮ್ಯೂನ್‌ಸ್ಟರ್ ನಗರದ ಹತ್ತಿರ, ಡ್ಯೂಲ್ಮನ್ ಅಂತ ಒಂದು ಊರಿದೆ. ಸುತ್ತ ಹೊಲ, ಹುಲ್ಲುಗಾವಲು. ಅಲ್ಲಿ ಇಬ್ಬರು ಅಣ್ಣತಮ್ಮಂದಿರು, ಮಾರ್ಟಿನ್ ಮತ್ತು ಫ್ರೀಡ್‌ಹೆಲ್ಮ್ ವೀಸ್‌ಮನ್. ಮಾರ್ಟಿನ್ ಎಂಜಿನಿಯರ್, ಫ್ರೀಡ್‌ಹೆಲ್ಮ್ ವ್ಯವಹಾರದ ಮನುಷ್ಯ. 1980ರ ದಶಕದಲ್ಲಿ ಇಬ್ಬರೂ ಸೇರಿ ಶುರು ಮಾಡಿದ್ದು ಕಾರನ್ನಲ್ಲ, ಚಾವಣಿಯನ್ನು. ಬೇರೆ ಕಂಪನಿಗಳ ಮೇಲ್ಛಾವಣಿ ಇಲ್ಲದ ಕಾರುಗಳಿಗೆ ಚಳಿಗಾಲದಲ್ಲಿ ಕೂರಿಸುವ ಗಟ್ಟಿ ಟಾಪ್ ಮಾಡಿ ಮಾರುತ್ತಿದ್ದರು. ಹಾರ್ಡ್‌ಟಾಪ್ ಅನ್ನುತ್ತಾರೆ. ಇದರಿಂದ ಎರಡು ಲಾಭ ಆಯಿತು. ಕೈಗೆ ಕಾಸು ಬಂತು. ಜೊತೆಗೆ ಫೈಬರ್‌ಗ್ಲಾಸ್‌ನಲ್ಲಿ, ಅಂದರೆ ಗಾಜಿನ ನಾರಿಗೆ ರೆಸಿನ್ ಎಂಬ ಅಂಟು ಕುಡಿಸಿ ಮಾಡುವ ಗಟ್ಟಿ ಹಾಳೆಯಲ್ಲಿ, ಕೈ ಪಳಗಿತು. ಚಾವಣಿ ಮಾರಿ ಬಂದ ದುಡ್ಡಿನಲ್ಲೇ ಚಾವಣಿ ಇಲ್ಲದ ತಮ್ಮದೇ ಕಾರು ಮಾಡಲು ಹೊರಟರು. ಮೊದಲ ಕಾರು ಗಿರಾಕಿಯ ಕೈಗೆ ಹೋದದ್ದು 1993ರಲ್ಲಿ.

ಕಾರುಗಳ ಹೆಸರು ಎಂಎಫ್ ಅಂತ ಶುರುವಾಗುತ್ತದೆ. ಮಾರ್ಟಿನ್, ಫ್ರೀಡ್‌ಹೆಲ್ಮ್, ಅಷ್ಟೇ. ಎಂಎಫ್30, ಎಂಎಫ್3, ಆಮೇಲೆ ಎಂಎಫ್4, ಎಂಎಫ್5. ಕಂಪನಿಯ ಗುರುತು ಹಲ್ಲಿ. ಗೋಡೆಗೆ ಹಲ್ಲಿ ಅಂಟಿಕೊಳ್ಳುವ ಹಾಗೆ ನಮ್ಮ ಕಾರು ರಸ್ತೆಗೆ ಅಂಟಿಕೊಳ್ಳುತ್ತದೆ ಅನ್ನುವುದು ಅವರ ಮಾತು. ನಮ್ಮಲ್ಲಾದರೆ ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುತ್ತಾರೆ, ಅಲ್ವಾ? ಅವರು ಅದನ್ನು ಕಾರಿನ ಮೂತಿಯ ಮೇಲೇ ಕೂರಿಸಿದರು.

ಈಗ ಅಸಲು ವಿಷಯಕ್ಕೆ ಬರೋಣ. ಒಂದು ಸಣ್ಣ ಕಂಪನಿ ಕಾರು ಮಾಡಬೇಕು ಅಂದಾಗ ಮೊದಲು ತೀರ್ಮಾನಿಸಬೇಕಾದದ್ದು ಏನು ಮಾಡಬೇಕು ಅಂತ ಅಲ್ಲ. ಯಾವುದನ್ನು ತಾನು ಮಾಡಬಾರದು ಅಂತ. ವೀಸ್‌ಮನ್ ಸಹೋದರರು ಎಂಜಿನ್ ಮಾಡಲು ಹೋಗಲಿಲ್ಲ. ಬಿಎಂಡಬ್ಲ್ಯು ಹತ್ತಿರ ಹೋಗಿ ಅವರ ಎಂಜಿನ್ ಕೊಂಡುಕೊಂಡರು. ಗೇರ್‌ಬಾಕ್ಸ್ ಕೂಡ ಅದರ ಜೊತೆಗೇ ಬಂತು.

ಇದು ಸೋಮಾರಿತನ ಅಲ್ಲ. ಒಂದು ಎಂಜಿನ್ ಹೊಸದಾಗಿ ಮಾಡುವುದಕ್ಕೆ ಎಷ್ಟು ವರ್ಷ, ಎಷ್ಟು ನೂರು ಕೋಟಿ ಬೇಕು ಅಂತ ಇಲ್ಲಿರುವ ಆಟೊಮೊಬೈಲ್ ವಿಭಾಗದವರಿಗೆ ಗೊತ್ತು. ಅದಕ್ಕಿಂತ ದೊಡ್ಡ ತಲೆನೋವು ಹೊಗೆ ಪರೀಕ್ಷೆ. ನಾನು ಹೇಳುತ್ತಿರುವುದು ಪೆಟ್ರೋಲ್ ಬಂಕ್ ಪಕ್ಕದ ಡಬ್ಬಾ ಅಂಗಡಿಯಲ್ಲಿ ಮಾಡಿಸುವ ಟೆಸ್ಟ್ ಅಲ್ಲ. ಯುರೋಪಿನ ನಿಯಮಗಳು ಕೆಲವೇ ವರ್ಷಕ್ಕೊಮ್ಮೆ ಬಿಗಿಯಾಗುತ್ತಾ ಹೋಗುತ್ತವೆ. ದೊಡ್ಡ ಕಂಪನಿಯ ಎಂಜಿನ್ನನ್ನು ಅದರ ಕಂಪ್ಯೂಟರ್, ಸೆನ್ಸರ್, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸಮೇತ ಇಡಿಯಾಗಿ ತಂದರೆ ಆ ಹೊರೆಯಲ್ಲಿ ಮುಕ್ಕಾಲು ಪಾಲು ಇಳಿದ ಹಾಗೆ. ರಿಪೇರಿಗೂ ಸುಲಭ. ಎಂಜಿನ್ ಕೈಕೊಟ್ಟರೆ ಆ ಎಂಜಿನ್ ಗೊತ್ತಿರುವ ಮೆಕ್ಯಾನಿಕ್ ಯಾವ ಊರಿನಲ್ಲಾದರೂ ಸಿಗುತ್ತಾನೆ. ನೂರಾರು ಕಾರು ಮಾತ್ರ ಮಾರುವ ಕಂಪನಿಗೆ ಇದು ಸಣ್ಣ ವಿಷಯ ಅಲ್ಲ.

ಅವರು ಆರಿಸಿಕೊಂಡ ಎಂಜಿನ್ ಬಗ್ಗೆ ಎರಡು ಮಾತು ಹೇಳಲೇಬೇಕು. ಆರು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿ ನಿಂತಿರುವ ಎಂಜಿನ್ ಅದು. ಇನ್‌ಲೈನ್ ಸಿಕ್ಸ್. ಪಿಸ್ಟನ್‌ಗಳು ಮೇಲೆ ಕೆಳಗೆ ಓಡುವಾಗ ಹುಟ್ಟುವ ಅದುರುವ ಬಲಗಳು ಈ ಜೋಡಣೆಯಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಎಂಜಿನ್ ಒಂದು ಸುತ್ತು ತಿರುಗಿದಾಗ ಒಮ್ಮೆ ಅದುರಿಸುವ ಪ್ರೈಮರಿ, ಎರಡು ಸಲ ಅದುರಿಸುವ ಸೆಕೆಂಡರಿ, ಎರಡೂ. ನಾಲ್ಕು ಸಿಲಿಂಡರ್‌ನಲ್ಲಿ ಸೆಕೆಂಡರಿ ಉಳಿದುಬಿಡುತ್ತದೆ, ಅದಕ್ಕೇ ಕೆಲವರು ಅದುರುವುದನ್ನು ತಗ್ಗಿಸಲು ಬ್ಯಾಲೆನ್ಸ್ ಶಾಫ್ಟ್ ಅನ್ನುವ ತಿರುಗುವ ದಂಡ ಹಾಕುತ್ತಾರೆ. ಇನ್‌ಲೈನ್ ಸಿಕ್ಸ್‌ಗೆ ಅದು ಬೇಡ. ಬೆಣ್ಣೆಯ ಹಾಗೆ ತಿರುಗುತ್ತದೆ. ಕಷ್ಟ ಒಂದೇ, ಉದ್ದ ಜಾಸ್ತಿ. ಈಗಿನ ಕಾರುಗಳಲ್ಲಿ ಅದನ್ನು ತುರುಕುವುದು ಕಷ್ಟ. ಆದರೆ ವೀಸ್‌ಮನ್ ಮಾಡಲು ಹೊರಟದ್ದು 1950ರ ದಶಕದ ರೋಡ್‌ಸ್ಟರ್‌ಗಳ, ಅಂದರೆ ಚಾವಣಿ ಇಲ್ಲದ ಇಬ್ಬರ ಕಾರುಗಳ, ಚಹರೆಯ ಕಾರು. ಉದ್ದ ಬಾನೆಟ್, ಗುಂಡಗಿನ ಮಡ್‌ಗಾರ್ಡ್, ಹಿಂದಿನ ಚಕ್ರದ ಹತ್ತಿರ ಇಬ್ಬರಿಗಷ್ಟೇ ಜಾಗ. ಅಂಥ ಕಾರಿಗೆ ಉದ್ದ ಎಂಜಿನ್ ಹೇಳಿ ಮಾಡಿಸಿದ ಹಾಗೆ ಕೂತಿತು.

ಎಂಎಫ್30ಯಲ್ಲಿ 3 ಲೀಟರ್, 231 ಅಶ್ವಶಕ್ತಿ. ಎಂಎಫ್3ಯಲ್ಲಿ ಅದೇ ಕಾಲದ ಬಿಎಂಡಬ್ಲ್ಯು ಎಂ3 ಕಾರಿನ 3,246 ಸಿಸಿ ಎಂಜಿನ್, 343 ಅಶ್ವಶಕ್ತಿ. ಅದು 7,900 ಆರ್‌ಪಿಎಂಗೆ ಹೋದಾಗ ಪೂರ್ತಿ ಶಕ್ತಿ ಕೊಡುತ್ತದೆ. ಪ್ರತಿ ಸಿಲಿಂಡರ್‌ಗೂ ಬೇರೆ ಬೇರೆ ಥ್ರಾಟಲ್, ಗಾಳಿ ಒಳಗೆ ಬಿಡುವ ಕವಾಟ. ಆ ಎಂಜಿನ್ ಬಗ್ಗೆಯೇ ಒಂದು ಗಂಟೆ ಮಾತಾಡಬಹುದು, ಆದರೆ ಬೇಡ. ಅದು ಬಿಎಂಡಬ್ಲ್ಯುದವರ ಸಾಧನೆ, ವೀಸ್‌ಮನ್‌ದಲ್ಲ.

ವೀಸ್‌ಮನ್ ಮಾಡಿದ್ದು ತೂಕದ ಕೆಲಸ.

ಆಗಿನ ಎಂ3 ಕಾರಿನ ತೂಕ ಸುಮಾರು 1,500 ಕೆಜಿ. ಅದೇ ಎಂಜಿನ್ ಇರುವ ವೀಸ್‌ಮನ್ ಎಂಎಫ್3ಯ ತೂಕ ಸುಮಾರು 1,180 ಕೆಜಿ. ಮುನ್ನೂರು ಕೆಜಿಗೂ ಜಾಸ್ತಿ ವ್ಯತ್ಯಾಸ. ನಾಲ್ಕೈದು ಜನ ದೊಡ್ಡವರು ಕಾರಿನಿಂದ ಇಳಿದುಹೋದ ಹಾಗೆ. ಒಂದು ಅಶ್ವಶಕ್ತಿಗೆ ಎಂ3ಯಲ್ಲಿ 4.4 ಕೆಜಿ ಹೊರೆ, ಎಂಎಫ್3ಯಲ್ಲಿ 3.4 ಕೆಜಿ. ನಿಂತಲ್ಲಿಂದ 100 ಕಿಮೀ ವೇಗಕ್ಕೆ ಹೋಗಲು ಎಂಎಫ್3ಗೆ 5 ಸೆಕೆಂಡ್ ಸಾಕು.

ಆದರೆ ಸುಮ್ನೆ ಆಕ್ಸಿಲರೇಟರ್ ಲೆಕ್ಕ ಹಾಕಿದರೆ ತೂಕದ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ. ಬ್ರೇಕ್ ಕಡೆ ನೋಡಿ. 100 ಕಿಮೀ ವೇಗದಲ್ಲಿ 1,500 ಕೆಜಿ ಕಾರಿನ ಚಲನಶಕ್ತಿ ಸುಮಾರು 5.8 ಲಕ್ಷ ಜೌಲ್. 1,180 ಕೆಜಿ ಕಾರಿಗೆ ಸುಮಾರು 4.5 ಲಕ್ಷ. ನಿಲ್ಲಿಸಬೇಕಾದರೆ ಇಷ್ಟೂ ಶಕ್ತಿ ಬ್ರೇಕ್ ಡಿಸ್ಕ್‌ನಲ್ಲಿ ಶಾಖ ಆಗಬೇಕು. ಶಾಖ ಕಡಿಮೆ ಅಂದರೆ ಡಿಸ್ಕ್ ಚಿಕ್ಕದಾಗಬಹುದು. ಡಿಸ್ಕ್ ಚಿಕ್ಕದಾದರೆ ಚಕ್ರವೂ ಹಗುರ. ಚಕ್ರ ಹಗುರವಾದರೆ ಗುಂಡಿ ಬಂದಾಗ ಅದು ಬೇಗ ಮೇಲೆದ್ದು ಬೇಗ ಕೆಳಗಿಳಿಯುತ್ತದೆ, ಟೈರ್ ರಸ್ತೆ ಬಿಡುವುದಿಲ್ಲ. ಸ್ಪ್ರಿಂಗ್ ಮೆತ್ತಗಿಟ್ಟರೂ ನಡೆಯುತ್ತದೆ. ಒಂದು ಕೆಜಿ ಕಡಿಮೆಯಾದರೆ ಅದು ತನ್ನ ಹಿಂದೆ ಇನ್ನಷ್ಟು ಕೆಜಿಗಳನ್ನು ಕರೆದುಕೊಂಡು ಹೋಗುತ್ತದೆ. ಜಾಸ್ತಿಯಾದರೂ ಹಾಗೇ, ಉಲ್ಟಾ ದಿಕ್ಕಿಗೆ.

ಇಲ್ಲೊಂದು ಪೇಚಿದೆ. ಚಾವಣಿ ತೆಗೆದರೆ ತೂಕ ಕಡಿಮೆಯಾಗಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆಗುವುದು ಅದರ ವಿರುದ್ಧ. ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ಹೊರಗೆಳೆದು ಎರಡು ತುದಿ ಹಿಡಿದು ತಿರುಚಿ ನೋಡಿ, ಸಲೀಸಾಗಿ ತಿರುಚಿಕೊಳ್ಳುತ್ತದೆ. ಹೊರಗಿನ ಕವಚದೊಳಗೆ ತಳ್ಳಿ ತಿರುಚಿ, ಜಗ್ಗುವುದಿಲ್ಲ. ಕಾರಿನ ಚಾವಣಿ ಆ ಕವಚ. ಅದನ್ನು ಕತ್ತರಿಸಿದ ಮೇಲೆ ಮೈ ತಿರುಚದ ಹಾಗೆ ನೆಲದಲ್ಲಿ, ಬಾಗಿಲಿನ ಕೆಳಗೆ, ವಿಂಡ್‌ಶೀಲ್ಡ್ ಚೌಕಟ್ಟಿನಲ್ಲಿ ಬಲ ತುಂಬಬೇಕು. ಅದಕ್ಕೇ ಎಂ3ಯ ಚಾವಣಿ ತೆಗೆದ ಮಾದರಿ ಚಾವಣಿ ಇದ್ದದ್ದಕ್ಕಿಂತ 150 ಕೆಜಿ ಆಸುಪಾಸು ಭಾರ. ಇದ್ದ ಕಾರನ್ನು ಕತ್ತರಿಸಿ ತೇಪೆ ಹಾಕಿದರೆ ಹೀಗಾಗುತ್ತದೆ. ವೀಸ್‌ಮನ್ ರೋಡ್‌ಸ್ಟರ್ ಹುಟ್ಟಿದ್ದೇ ಚಾವಣಿ ಇಲ್ಲದೆ. ಹೊರೆಯೆಲ್ಲ ಹೊರುವುದು ತಳದಲ್ಲಿರುವ ಸತು ಲೇಪಿಸಿದ ಉಕ್ಕಿನ ಚೌಕಟ್ಟು. ಮೇಲಿನ ಮೈಗೆ ಚೆನ್ನಾಗಿ ಕಾಣುವುದು, ಗಾಳಿ ತಡೆಯುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಅದನ್ನು ಫೈಬರ್‌ಗ್ಲಾಸ್‌ನಲ್ಲಿ ಮಾಡಿದರು.

ಸಣ್ಣ ಕಂಪನಿಗಳೆಲ್ಲ ಯಾಕೆ ಫೈಬರ್‌ಗ್ಲಾಸ್ ಹಿಂದೆ ಬೀಳುತ್ತವೆ? ಹಗುರ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ದುಡ್ಡಿನ ಕಾರಣ. ಉಕ್ಕಿನ ಹಾಳೆಯಿಂದ ಮಡ್‌ಗಾರ್ಡ್ ಒತ್ತಬೇಕಾದರೆ ದೊಡ್ಡ ಪ್ರೆಸ್ ಬೇಕು, ಅದಕ್ಕೆ ಡೈ, ಅಂದರೆ ಒತ್ತುವ ಗಟ್ಟಿ ಅಚ್ಚು ಬೇಕು. ಒಂದೊಂದು ಡೈಗೂ ಕೋಟಿಗಟ್ಟಲೆ. ಲಕ್ಷಾಂತರ ಕಾರು ಮಾಡಿದರೆ ಒಂದೊಂದು ಕಾರಿನ ಮೇಲೆ ಬೀಳುವ ಖರ್ಚು ಪುಡಿಗಾಸು. ನೂರೇ ಕಾರು ಮಾಡಿದರೆ ಮುಗಿದೇಹೋಯಿತು. ಫೈಬರ್‌ಗ್ಲಾಸ್‌ಗೆ ಅಚ್ಚು ಒಂದಿದ್ದರೆ ಸಾಕು. ಅಚ್ಚನ್ನೂ ಫೈಬರ್‌ಗ್ಲಾಸ್‌ನಲ್ಲೇ ಮಾಡಿಕೊಳ್ಳಬಹುದು.

ಈ ಕೆಲಸ ನಿಮ್ಮಲ್ಲಿ ಎಷ್ಟು ಜನ ಕಣ್ಣಾರೆ ನೋಡಿದ್ದೀರೋ ಗೊತ್ತಿಲ್ಲ. ನೀರಿನ ಟ್ಯಾಂಕ್, ದೋಣಿ, ಬಸ್ಸಿನ ಮುಂಭಾಗ ಮಾಡುವ ಶೆಡ್‌ಗಳಲ್ಲಿ ನೋಡಬಹುದು. ಮೊದಲು ಅಚ್ಚಿಗೆ ಮೇಣ ಉಜ್ಜುತ್ತಾರೆ, ಅಂಟಿಕೊಳ್ಳದಿರಲಿ ಅಂತ. ಅದರ ಮೇಲೆ ಜೆಲ್‌ಕೋಟ್, ನಾಳೆ ಕಣ್ಣಿಗೆ ಕಾಣುವ ಪದರ ಅದೇ. ಆಮೇಲೆ ಗಾಜಿನ ನಾರಿನ ಚಾಪೆ ಹಾಸಿ, ಬ್ರಷ್‌ನಲ್ಲಿ ರೆಸಿನ್ ಕುಡಿಸುತ್ತಾರೆ. ಬಿಳಿ ಚಾಪೆ ರೆಸಿನ್ ಕುಡಿದಂತೆ ಪಾರದರ್ಶಕ ಆಗುತ್ತಾ ಬರುತ್ತದೆ. ಎಲ್ಲಿ ಬಿಳಿ ಉಳಿದಿದೆಯೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ. ಗೀರುಗಳಿರುವ ಸಣ್ಣ ಲೋಹದ ರೋಲರ್ ಹಿಡಿದು ಆ ಗುಳ್ಳೆಯನ್ನು ಅಂಚಿನ ತನಕ ಓಡಿಸಬೇಕು. ಮೂಲೆಗಳಲ್ಲಿ ಇದು ಬಹಳ ಕಷ್ಟ, ಚಾಪೆ ಬಾಗಲು ಒಪ್ಪದೆ ಎದ್ದು ನಿಲ್ಲುತ್ತದೆ. ಒಂದು ಗುಳ್ಳೆ ತಪ್ಪಿಸಿಕೊಂಡರೆ ಅವತ್ತು ಏನೂ ಗೊತ್ತಾಗುವುದಿಲ್ಲ. ಬಣ್ಣ ಹಚ್ಚಿ, ಕಾರು ಮಾರಿ, ಬಿಸಿಲಿಗೆ ನಿಂತಾಗ ಅದು ಉಬ್ಬಿಕೊಂಡು ಬರುತ್ತದೆ. ಆದ್ದರಿಂದ ಈ ದಾರಿಯಲ್ಲಿ ಯಂತ್ರದ ಖರ್ಚು ಉಳಿದರೂ ಕೈಯ ಖರ್ಚು ಉಳಿಯುವುದಿಲ್ಲ. ಅಚ್ಚಿನಿಂದ ಹೊರಬಂದ ಮೇಲೂ ಉಜ್ಜು, ಪುಟ್ಟಿ ಹಾಕು, ಮತ್ತೆ ಉಜ್ಜು. ಬಾಗಿಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಮೇಲಿಂದ ಕೆಳಗಿನ ತನಕ ಒಂದೇ ಅಗಲ ಬರಬೇಕು. ಸಣ್ಣ ಕಂಪನಿಯ ಕಾರು ಮುಂದೆ ನಿಂತರೆ ನಾನು ಮೊದಲು ನೋಡುವುದು ಆ ಸಂದನ್ನು. ನೀವೂ ನೋಡಿ.

ಈ ದಾರಿ ನಮಗೂ ಹೊಸದಲ್ಲ. ಬೆಂಗಳೂರು ಮೂಲದ ಸ್ಯಾನ್ ಮೋಟರ್ಸ್ 1990ರ ದಶಕದ ಕೊನೆಯಲ್ಲಿ ಸ್ಟಾರ್ಮ್ ಅಂತ ಇಬ್ಬರು ಕೂರುವ ತೆರೆದ ಕಾರು ತಂದಿತ್ತು. ಫೈಬರ್‌ಗ್ಲಾಸ್ ಮೈ, ಫ್ರಾನ್ಸಿನ ರೆನೋ ಕಂಪನಿಯ 1.2 ಲೀಟರ್ ಎಂಜಿನ್. ಸೂತ್ರ ಅದೇ: ಎಂಜಿನ್ ಎರವಲು, ಮೈ ಸ್ವಂತ. ರಸ್ತೆಯಲ್ಲಿ ಕಂಡವರು ಕಡಿಮೆ. ಆ ಧೈರ್ಯಕ್ಕೆ ನಾವು ಕೊಟ್ಟ ಮರ್ಯಾದೆ ಕಡಿಮೆಯಾಯಿತು ಅಂತಲೇ ನನಗೆ ಅನ್ನಿಸುತ್ತದೆ.

ಜರ್ಮನಿಯಲ್ಲೂ ವೀಸ್‌ಮನ್ ಒಂದೇ ಅಲ್ಲ. ಪೂರ್ವ ಜರ್ಮನಿ ಇದ್ದಾಗ ಡ್ರೆಸ್ಡನ್‌ನಲ್ಲಿ ಹೈನ್ಸ್ ಮೆಲ್ಕುಸ್ ಎಂಬ ರೇಸ್ ಚಾಲಕ ಅಲ್ಲಿನ ಮಾಮೂಲಿ ವಾರ್ಟ್‌ಬುರ್ಗ್ ಕಾರಿನ ಮೂರು ಸಿಲಿಂಡರ್, ಟೂ ಸ್ಟ್ರೋಕ್, 992 ಸಿಸಿ ಎಂಜಿನ್ ಇಟ್ಟುಕೊಂಡು ಆರ್‌ಎಸ್1000 ಅನ್ನುವ ಸ್ಪೋರ್ಟ್ಸ್ ಕಾರು ಮಾಡಿದ. 1969ರಿಂದ 1979ರ ತನಕ 101 ಕಾರು. ಯೋಚನೆ ಮಾಡಿ, ಮಾಮೂಲಿ ಕಾರಿಗೇ ಜನ ವರ್ಷಗಟ್ಟಲೆ ಕಾಯುತ್ತಿದ್ದ ದೇಶದಲ್ಲಿ! ಅದೇ ಸ್ಯಾಕ್ಸನಿ ಸೀಮೆಯ ಗ್ರೋಸನ್‌ಹೈನ್‌ನಲ್ಲಿ ಹರ್ಬರ್ಟ್ ಫುಂಕೆ ಮತ್ತು ಫಿಲಿಪ್ ವಿಲ್ ಅನ್ನುವ ಇಬ್ಬರು ತರುಣ ಎಂಜಿನಿಯರುಗಳು ಯೆಸ್ ರೋಡ್‌ಸ್ಟರ್ ಮಾಡಿದರು. 1999ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದು ಹೊರಬಂತು. ಎಂಜಿನ್ ಫೋಕ್ಸ್‌ವ್ಯಾಗನ್ ಬಳಗದ್ದು, ಸೀಟಿನ ಹಿಂದೆ ಕೂತಿತ್ತು. ತೂಕ ಇನ್ನೂ ಕಡಿಮೆ, 900 ಕೆಜಿಯೊಳಗೆ. ಹಗುರತನವೊಂದನ್ನೇ ಅಳೆದರೆ ಯೆಸ್ ಮುಂದೆ ವೀಸ್‌ಮನ್ ದಢೂತಿ. ಆದರೂ ನಾನು ವೀಸ್‌ಮನ್ ಆರಿಸಿಕೊಂಡಿದ್ದೇನೆ. ಯಾಕೆಂದರೆ ಅದರ ಏರಿಳಿತದಲ್ಲಿ ಕಲಿಯುವುದು ಜಾಸ್ತಿ ಇದೆ.

ಕಾರಿನ ಒಳಗೆ ಒಮ್ಮೆ ಇಣುಕೋಣ. ಒಳಗೆಲ್ಲ ಕೈಯಲ್ಲಿ ಹೊಲಿದ ಚರ್ಮ. ಸ್ಪೀಡೋಮೀಟರ್, ಆರ್‌ಪಿಎಂ ಮೀಟರ್ ಎಲ್ಲ ಡ್ಯಾಶ್‌ಬೋರ್ಡಿನ ನಡುವೆ, ಗುಂಡಗೆ, ಸಾಲಾಗಿ. ಪಕ್ಕದಲ್ಲಿ ಕೂತವರಿಗೂ ವೇಗ ಕಾಣುತ್ತದೆ. ಸಂಸಾರಸ್ಥರಿಗೆ ಇದು ಒಳ್ಳೆಯದಲ್ಲ! ಚರ್ಮದ ಬಣ್ಣ, ದಾರದ ಬಣ್ಣ, ಮೈಯ ಬಣ್ಣ ಎಲ್ಲ ಗಿರಾಕಿ ಹೇಳಿದ ಹಾಗೆ.

ಇನ್ನು ಇಳಿಜಾರಿನ ಕಥೆ. 2003ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ವೀಸ್‌ಮನ್ ಚಾವಣಿ ಇರುವ ಜಿಟಿ ಕಾರು ತೋರಿಸಿತು. ಅದು ಎಂಎಫ್4 ಆಯಿತು, ಬಿಎಂಡಬ್ಲ್ಯು ವಿ8 ಎಂಜಿನ್, ಅಂದರೆ ಎಂಟು ಸಿಲಿಂಡರ್‌ಗಳು ವಿ ಅಕ್ಷರದ ಹಾಗೆ ಎರಡು ಸಾಲಿನಲ್ಲಿ. ಆಮೇಲೆ ಎಂಎಫ್5, ಬಿಎಂಡಬ್ಲ್ಯು ಎಂ5 ಕಾರಿನ ವಿ10 ಎಂಜಿನ್, 507 ಅಶ್ವಶಕ್ತಿ, ಗಂಟೆಗೆ 310 ಕಿಮೀ. ಪತ್ರಿಕೆಗಳು ಹೊಗಳಿದವು. ನಾನು ಅಷ್ಟು ಹೊಗಳುವುದಿಲ್ಲ. ಆ ಕಾರಿನ ತೂಕ ಸುಮಾರು 1,380 ಕೆಜಿ. ಅಂಥ ಶಕ್ತಿಯ ಕಾರಿಗೆ ಅದು ಕಡಿಮೆಯೇ, ಒಪ್ಪುತ್ತೇನೆ. ಆದರೆ 500 ಅಶ್ವಶಕ್ತಿ ದಾಟಿದ ಮೇಲೆ ನೀವು ಕಾಲಿಡುವುದು ಪೋರ್ಷೆ, ಫೆರಾರಿಗಳ ಅಂಗಳಕ್ಕೆ. ಅಲ್ಲಿ ಗಿರಾಕಿ ಕೇಳುವುದೇ ಬೇರೆ. ಎಸಿ ತಣ್ಣಗಿರಬೇಕು, ಗೇರು ತಾನೇ ಬೀಳಬೇಕು, ಜಗತ್ತಿನ ಎಲ್ಲ ಊರಿನಲ್ಲೂ ಶೋರೂಂ ಇರಬೇಕು. ಎಂಎಫ್30 ಕೊಳ್ಳುವವನು ಅದನ್ನೆಲ್ಲ ಕೇಳುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಭಾನುವಾರ ಬೆಳಿಗ್ಗೆ ಹಳ್ಳಿ ರಸ್ತೆಯಲ್ಲಿ ಗಾಳಿಗೆ ಮುಖ ಕೊಟ್ಟು ಓಡಿಸುವುದು. ಆ ಗಿರಾಕಿಗೆ ಎದುರಾಳಿ ಅಂಗಡಿಗಳು ಕಡಿಮೆ ಇದ್ದವು.

2008ರಲ್ಲಿ ಹೊಸ ಕಾರ್ಖಾನೆ ತೆರೆದರು. ಮೇಲಿನಿಂದ ನೋಡಿದರೆ ಕಟ್ಟಡ ಹಲ್ಲಿಯ ಆಕಾರದಲ್ಲೇ ಇದೆ. ಗಾಜಿನ ಗೋಡೆ, ಬಂದವರು ಕಾರು ತಯಾರಾಗುವುದನ್ನು ನೋಡಬಹುದಿತ್ತು. ಆ ವರ್ಷ ಏನಾಯಿತು ಅಂತ ನೆನಪಿದೆ ತಾನೇ? ಅಮೆರಿಕದಲ್ಲಿ ಲೇಮನ್ ಬ್ಯಾಂಕ್ ಬಿತ್ತು. ಷೋಕಿಗೆ ಎರಡನೆಯ, ಮೂರನೆಯ ಕಾರು ಕೊಳ್ಳುವ ಜನ ಎಲ್ಲರಿಗಿಂತ ಮೊದಲು ಕೈ ಬಿಗಿ ಹಿಡಿದರು. ಕಾರ್ಖಾನೆಯ ಖರ್ಚು ಮಾತ್ರ ಕಾರು ಹೋದರೂ ಹೋಗದಿದ್ದರೂ ತಿಂಗಳು ತಿಂಗಳು ಬರುತ್ತದೆ.

ಎರವಲು ಎಂಜಿನ್ನಿನ ಇನ್ನೊಂದು ಮುಖ ಕಾಣಿಸುವುದೂ ಇಂಥ ಹೊತ್ತಿನಲ್ಲೇ. ಬಿಎಂಡಬ್ಲ್ಯು ತನ್ನ ಲೆಕ್ಕಾಚಾರಕ್ಕೆ ಎಂಜಿನ್ ಬದಲಿಸುತ್ತದೆ, ವೀಸ್‌ಮನ್ ಕೇಳಿ ಅಲ್ಲ. ವಿ10 ನಿಂತಿತು, ಎಂಎಫ್5ಗೆ ಎರಡು ಟರ್ಬೊ ಇರುವ 4.4 ಲೀಟರ್ ವಿ8 ಬಂತು. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಬಂದರೆ ಆ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಬೇಕು, ಪೈಪಿಗೆ ಜಾಗ ಬೇಕು, ಗಾಳಿ ಬರುವ ದಾರಿ ಬದಲಾಗಬೇಕು. ಎಲೆಕ್ಟ್ರಾನಿಕ್ಸ್ ಇನ್ನೂ ಕಷ್ಟ. ಈಗಿನ ಎಂಜಿನ್ ಒಂಟಿಯಾಗಿ ಓಡುವುದಿಲ್ಲ. ಕೀಲಿಯ ಜೊತೆ, ಗೇರ್‌ಬಾಕ್ಸ್ ಜೊತೆ, ಎಬಿಎಸ್ ಜೊತೆ ಮಾತಾಡಿಕೊಂಡೇ ಓಡುತ್ತದೆ. ಒಂದು ಕಡೆಯಿಂದ ಉತ್ತರ ಬರದಿದ್ದರೆ ಮುನಿಸಿಕೊಂಡು ಅರ್ಧ ಶಕ್ತಿಗೆ ಇಳಿಯುತ್ತದೆ. ದೊಡ್ಡ ಕಂಪನಿ ಈ ಖರ್ಚನ್ನು ಲಕ್ಷ ಕಾರಿಗೆ ಹಂಚುತ್ತದೆ, ವೀಸ್‌ಮನ್ ನೂರಕ್ಕೆ ಹಂಚಬೇಕು.

2013ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2014ರಲ್ಲಿ ಕೆಲಸ ನಿಂತಿತು. ಆಮೇಲೆ ರೋಹೀನ್ ಬೆರಿ ಎಂಬ ಬ್ರಿಟಿಷ್ ಹೂಡಿಕೆದಾರರು ಹೆಸರು, ಕಾರ್ಖಾನೆ ಎಲ್ಲ ಕೊಂಡರು.

ಮಾತಿನ ಕೊನೆಗೆ ಕೆಲವು ಪ್ರಶ್ನೆಗಳು ಬಂದವು. ಒಬ್ಬರು ಕೇಳಿದ್ದು, ಎಲೆಕ್ಟ್ರಿಕ್ ಬಂದರೆ ಸಣ್ಣ ಕಂಪನಿಗೆ ಎಂಜಿನ್ ಹಂಗು ತಪ್ಪುತ್ತದೆ ಅಲ್ವಾ ಸರ್ ಅಂತ. ಹಂಗು ತಪ್ಪುತ್ತದೆ, ನಿಜ. ಮೋಟರ್ ಕೊಳ್ಳಲು ಅಂಗಡಿಗಳು ಬಹಳ ಇವೆ, ಹೊಗೆ ಪರೀಕ್ಷೆಯೂ ಇಲ್ಲ. ಹೊಸ ಮಾಲೀಕರ ವೀಸ್‌ಮನ್ ಕೂಡ 2022ರಲ್ಲಿ ಥಂಡರ್‌ಬಾಲ್ ಅನ್ನುವ ಎಲೆಕ್ಟ್ರಿಕ್ ರೋಡ್‌ಸ್ಟರ್ ತೋರಿಸಿತು. 500 ಕಿಲೊವ್ಯಾಟ್, ಅಂದರೆ 680 ಅಶ್ವಶಕ್ತಿ. 800 ವೋಲ್ಟ್ ವ್ಯವಸ್ಥೆ, 92 ಕಿಲೊವ್ಯಾಟ್ ಅವರ್ ಬ್ಯಾಟರಿ. ನೋಡಲು ಚೆಂದ ಇದೆ. ಆದರೆ ತೂಕ ಒಂದೂವರೆ ಟನ್ ದಾಟುತ್ತದೆ. ಇಷ್ಟು ಹೊತ್ತು ನಾವು ಲೆಕ್ಕ ಹಾಕಿ ಇಳಿಸಿದ ಮುನ್ನೂರು ಕೆಜಿಯನ್ನು ಬ್ಯಾಟರಿ ಒಂದೇ ಏಟಿಗೆ ಮತ್ತೆ ಹತ್ತಿಸಿತು. ಹಗುರ ಎಲೆಕ್ಟ್ರಿಕ್ ರೋಡ್‌ಸ್ಟರ್ ಬೇಕಿದ್ದರೆ ಸಣ್ಣ ಬ್ಯಾಟರಿ ಇಟ್ಟು 200 ಕಿಮೀ ಸಾಕು ಅನ್ನುವ ಗಿರಾಕಿಯನ್ನು ಹುಡುಕಬೇಕು. ಭಾನುವಾರ ಬೆಳಗಿನ ಸವಾರಿಗೆ ಅಷ್ಟು ಸಾಲದೇ?

ಹಿಂದಿನ ಬೆಂಚಿನ ಹುಡುಗ ಕೇಳಿದ: ಹಳೆಯ ಎಂಎಫ್3 ಒಂದನ್ನು ಇಲ್ಲಿಗೆ ತರಿಸಬಹುದಾ? ಕಷ್ಟ ಕಣಪ್ಪ. ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಕಾರನ್ನು ಮಾಮೂಲಿ ದಾರಿಯಲ್ಲಿ ಆಮದು ಮಾಡಿಕೊಳ್ಳಲು ನಮ್ಮ ನಿಯಮ ಬಿಡುವುದಿಲ್ಲ. ಸ್ಟೀರಿಂಗ್ ಬೇರೆ ಬಲಗಡೆಯೇ ಇರಬೇಕು. ವಿಂಟೇಜ್ ಅನ್ನಿಸಿಕೊಳ್ಳಲು ಅದಕ್ಕೆ ಇನ್ನೂ ವಯಸ್ಸಾಗಿಲ್ಲ. ನೋಡುವ ಆಸೆ ಇದ್ದರೆ ನೀನೇ ಹೋಗಬೇಕು. ಡ್ಯೂಲ್ಮನ್ ಪಕ್ಕದಲ್ಲೇ ಎ43 ಹೆದ್ದಾರಿ ಹಾದುಹೋಗುತ್ತದೆ, ಮ್ಯೂನ್‌ಸ್ಟರ್‌ನಿಂದ ಅರ್ಧ ಗಂಟೆ ಸಾಕು. ಮೇ ತಿಂಗಳ ಕೊನೆಯ ಶನಿವಾರಕ್ಕೆ ಹೊಂದಿಸಿಕೊಂಡು ಹೋಗು. ಊರಾಚೆ ಮೆರ್ಫೆಲ್ಡ್ ಬಯಲಿನಲ್ಲಿ ಕಾಡುಕುದುರೆಗಳ ಹಿಂಡಿದೆ, ಅವತ್ತು ಆ ಹಿಂಡಿನಿಂದ ಎಳೆಯ ಗಂಡುಕುದುರೆಗಳನ್ನು ಬರಿಗೈಯಲ್ಲಿ ಹಿಡಿದು ಬೇರೆ ಮಾಡುತ್ತಾರೆ. ಸಾವಿರಾರು ಜನ ಸೇರುತ್ತಾರೆ, ಟಿಕೆಟ್ ಮೊದಲೇ ತೆಗೆದಿಟ್ಟುಕೋ.